ಮಕಾರದ ಬಾಲಕ್ಕೆ ಅಂಟಿದ ಕೂದಲು

ಬೋರ್ಡಿನ ಅಂಗಡಿಯ ಮಾಳಿಗೆ,
ಗುರುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಅಣ್ಣನ ಮನೆಯ ಮೆಟ್ಟಿಲು ನಿಧಾನವಾಗಿ ಹತ್ತು. ಅತ್ತಿಗೆ ಕೊಡುವ ಮಾತ್ರೆಯನ್ನು ಹೂಕುಂಡದ ಮಣ್ಣಿಗೆ ಹಾಕಬೇಡ, ಆ ಗಿಡ ನಿನಗಿಂತ ಗಟ್ಟಿಯಾದೀತು. ನಾನು ಚೆನ್ನಾಗಿದ್ದೇನೆ, ತಲೆ ಮಾತ್ರ ಕೆಟ್ಟಿದೆ.

ಎಲ್ಲ ಅಣ್ಣ ಮಾಡಿದ ಆ ಫಾಂಟಿನಿಂದ. ನೀನು ಬ್ರಶ್ಶಿನಲ್ಲಿ ಬರೆದುಕೊಟ್ಟ ಅಕ್ಷರಗಳನ್ನು ಕಂಪ್ಯೂಟರಿಗೆ ಹಾಕಿ ಊರಿಗೆಲ್ಲ ಹಂಚಿದನಲ್ಲ, ನೀನು ಉಬ್ಬಿಹೋದೆ. ನನಗೆ ಅದನ್ನು ಕಂಡರೆ ಹೇಸಿಗೆ. ಅಂಗಡಿಗೆ ಬಂದವರೆಲ್ಲ, "ಕೈಯಲ್ಲಿ ಗೀಚಿದ ಹಾಗಿರ್ಲಿ, ಸ್ವಲ್ಪ ಆರಾಮಾಗಿ ಕಾಣ್ಲಿ" ಎಂದು ಅದನ್ನೇ ಕೇಳುತ್ತಾರೆ. ಕಾಫಿ ಕಪ್ಪಿಗೆ, ಟೀ ಶರ್ಟಿಗೆ, ಐಸ್‌ಕ್ರೀಮ್ ಗಾಡಿಗೆ ಹಾಕಿಕೊಟ್ಟೆ. ಒಪ್ಪುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಇಲಿಪಾಷಾಣದ ಡಬ್ಬಿ ಬಂತು. ಕಕ್ಕಸು ಗುಂಡಿ ಖಾಲಿ ಮಾಡುವ ಲಾರಿ ಬಂತು. ಮೊನ್ನೆ ಮೂಲವ್ಯಾಧಿ ಡಾಕ್ಟರು ಆಳೆತ್ತರದ ಬೋರ್ಡು ಮಾಡಿಸಿದರು. "ಪೇಷೆಂಟಿಗೆ ಹೆದರಿಕೆ ಆಗ್ಬಾರ್ದು ನೋಡಮ್ಮ" ಎಂದರು. ಈಗ ಆ ರಸ್ತೆಯಲ್ಲಿ ಹೋಗುವಾಗ ನಾನು ತಲೆ ತಗ್ಗಿಸಿಕೊಂಡು ನಡೆಯುತ್ತೇನೆ.

ಇನ್ನು ಆ ಮಕಾರ. ನೀನು ಬರೆಯುವಾಗ ಬ್ರಶ್ಶಿನ ಒಂದು ಕೂದಲು ಕಿತ್ತುಬಂದು ಅದರ ಬಾಲಕ್ಕೆ ಅಂಟಿತ್ತು. ನೀನು ಉಗುರಲ್ಲಿ ತೆಗೆಯುವ ಮುಂಚೆಯೇ ಅಣ್ಣ ಹಾಳೆ ಎತ್ತಿಕೊಂಡು ಓಡಿದ, ಕೂದಲನ್ನು ನಿನ್ನ ಶೈಲಿ ಎಂದುಕೊಂಡ. ಈಗ ಊರಿನ ಪ್ರತಿ ಮಕಾರಕ್ಕೂ ಒಂದು ಕೂದಲು. ಊಟದಲ್ಲಿ ಸಿಕ್ಕರೆ ಹೇಗೋ ಹಾಗೆ ಓಕರಿಕೆ ಬರುತ್ತದೆ. ಗಿರಾಕಿಗಳಿಗೆ ಅದೇ ಇಷ್ಟವಂತೆ. ನಾನು ಹೇಳಿದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಇಷ್ಟು ಸಾಲದೆಂದು ನಿನ್ನ ಪತ್ರವೂ ಆ ಫಾಂಟಿನಲ್ಲೇ ಬಂದಿದೆ. 'ಮುದ್ದಿನ ಮಗಳೇ' ಎಂಬಲ್ಲಿ ಎರಡು ಮಕಾರ, ಎರಡು ಕೂದಲು. ಒಂದೇ ಅಕ್ಷರವನ್ನು ಎರಡು ಸಲ ಒಂದೇ ತರ ಬರೆದವನೇ ಅಲ್ಲ ನೀನು. ಸಿಟ್ಟು ಬಂದರೆ ಬಾಲ ಉದ್ದ, ಹಸಿದರೆ ಗಿಡ್ಡ. ನೀನು ಬರೆದ ಬೋರ್ಡು ನೋಡಿಯೇ ಅಮ್ಮ ತಟ್ಟೆ ಇಡುತ್ತಿದ್ದಳು. ಈ ಪತ್ರವನ್ನು ಎಷ್ಟು ಓದಿದರೂ ನೀನು ಹೇಗಿದ್ದೀಯ ಎಂದು ಗೊತ್ತಾಗಲಿಲ್ಲ. ಹರಿದುಹಾಕಬೇಕೆನಿಸಿತು, ಹಾಕಲಿಲ್ಲ.

ಅತ್ತಿಗೆಗೆ ನನ್ನ ನೆನಪು ಹೇಳು, ಅಣ್ಣನಿಗೆ ಬೈಗುಳ ಹೇಳು. ನಿನಗೆ ನಮಸ್ಕಾರ.

ಇಂತಿ ನಿನ್ನ
ಮಗಳು, 'ಬಣ್ಣದ ಡಬ್ಬಿ'

ಮತ್ತೆ: ಲಕೋಟೆ ಅಂಟಿಸುವ ಮುಂಚೆ ನಿನ್ನ ಪತ್ರ ಇನ್ನೊಮ್ಮೆ ನೋಡಿದೆ. ಕೆಳಗೆ 'ಅಪ್ಪ' ಎಂಬ ಸಹಿಯೂ ಪ್ರಿಂಟೇ. ಫೋನ್ ಮಾಡಿದರೆ ಅತ್ತಿಗೆ, "ಅವರು ಮಲಗಿದ್ದಾರೆ" ಅನ್ನುತ್ತಾಳೆ. ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ಅಪ್ಪಾ, ನಿನ್ನ ಬಲಗೈಗೆ ಏನಾಗಿದೆ? ನೀವೆಲ್ಲ ಸೇರಿ ನನ್ನಿಂದ ಮುಚ್ಚಿಡಬೇಡಿ. ಎಡಗೈಯಲ್ಲಾದರೂ ಒಂದು ಸಾಲು ಗೀಚು, ಸೊಟ್ಟಗಿದ್ದರೂ ಸರಿ. ಅದೂ ಆಗದಿದ್ದರೆ ಬಣ್ಣದಲ್ಲಿ ಬೆರಳದ್ದಿ ಹಾಳೆಗೆ ಒತ್ತಿ ಕಳಿಸು, ನಾನು ಹೊರಟು ಬರುತ್ತೇನೆ.