ಅಡುಗೆಮನೆಯ ವ್ಯಾಖ್ಯಾನ

ಮಾರ್ಚ್ ೧೨, ಮಂಗಳವಾರ

ಬೈಬಲಿನಲ್ಲಿ ಯೇಸು ಅಕ್ಕತಂಗಿಯರ ಮನೆಗೆ ಬಂದ ಭಾಗ ಇವತ್ತಿನ ಓದಿಗೆ ಬಂತು. ನನ್ನವಳು ತೀರಿಕೊಂಡ ಮೇಲೆ ಪ್ರತಿವರ್ಷ ಅದನ್ನು ಹಾರಿಸಿಬಿಡುತ್ತಿದ್ದೆ.

ಅವಳಿದ್ದಾಗ ಓದು ಅಡುಗೆಮನೆಯಲ್ಲೇ. ಅವಳು ಒಲೆಯ ಮುಂದೆ, ನಾನು ಮಣೆಯ ಮೇಲೆ, ನನ್ನ ತೊಡೆಯ ಮೇಲೆ ಬೈಬಲ್ ವ್ಯಾಖ್ಯಾನದ ದಪ್ಪ ಪುಸ್ತಕ. ಅಡುಗೆ ಕೆಲಸವನ್ನೆಲ್ಲ ಅಕ್ಕನಿಗೆ ಬಿಟ್ಟು ಯೇಸುವಿನ ಪಾದದ ಬಳಿ ಕೂತು ಕೇಳಿದ ತಂಗಿಯನ್ನು ವ್ಯಾಖ್ಯಾನಕಾರರು ಹೊಗಳಿದಾಗಲೆಲ್ಲ ಸೌಟು ನನ್ನತ್ತ ತಿರುಗುತ್ತಿತ್ತು. "ಇದನ್ನ ಬರೆದ ಮಹಾನುಭಾವರಿಗೆ ಅವತ್ತು ಊಟ ಬಡಿಸಿದ್ದು ಯಾರಂತೆ? ಸ್ವಲ್ಪ ಹುಡುಕಿ ಹೇಳಿ." ನಾನು ಹುಡುಕುತ್ತಿದ್ದೆ ಕೂಡ. ಆ ಪುಟದಲ್ಲಿ ಅವಳ ಎಣ್ಣೆ ಬೆರಳಿನ ಗುರುತು ಇನ್ನೂ ಇದೆ.

ಈಗ ಹೊರಕೋಣೆಯಲ್ಲಿ ಒಬ್ಬನೇ ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ. ಇವತ್ತು ಆ ಗುರುತಿನ ಮೇಲೆ ಬೆರಳಿಟ್ಟು ಕೂತಿದ್ದೆ.

"ಅಪ್ಪಾ, ಇವತ್ತು ಯಾವ ಭಾಗ?" ಪಾತ್ರೆ ತೊಳೆಯುತ್ತಿದ್ದ ಮಗಳು ಒಳಗಿನಿಂದ ಕೇಳಿದಳು.

ಹೇಳಿದೆ. ನಲ್ಲಿಯ ಸದ್ದು ನಿಂತಿತು.

"ನನಗೂ ಕೇಳೋ ಹಾಗೆ ಓದಬಾರದಾ? ಅಮ್ಮ ಹೋದಮೇಲೆ ನೀವು ಬಾಯೇ ಬಿಡ್ತಿಲ್ಲ."

ಇವಳೂ ಆ ಓದು, ಆ ಜಗಳ ಕೇಳುತ್ತಲೇ ಬೆಳೆದವಳು. ಅದನ್ನು ಮರೆತೇಬಿಟ್ಟಿದ್ದೆ.

ಪುಸ್ತಕ ಎತ್ತಿಕೊಂಡು ಒಳಗೆ ಹೋದೆ. ಆ ಪುಟ ತೆರೆದು ಅವಳ ಮುಂದೆ ಹಿಡಿದೆ. ಮಗಳು ಪುಸ್ತಕ ತೆಗೆದುಕೊಂಡು ಒರೆಸುವ ಬಟ್ಟೆ ನನ್ನ ಕೈಗಿಟ್ಟಳು. "ನಾನು ಓದ್ತೀನಿ, ನೀವು ಪಾತ್ರೆ ಒರೆಸಿ. ಆ ಅಕ್ಕನ ಕಷ್ಟ ಈಗಲಾದ್ರೂ ಗೊತ್ತಾಗಲಿ."

ಒರೆಸಿದೆ. ಅವಳು ಒದ್ದೆ ಕೈಯಲ್ಲೇ ಪುಟ ತಿರುಗಿಸಿದಳು. ಎಣ್ಣೆಯ ಗುರುತಿನ ಪಕ್ಕ ಈಗ ನೀರಿನದೂ ಒಂದು. ಒಣಗಲಿ ಎಂದು ಪುಸ್ತಕವನ್ನು ಅಡುಗೆಮನೆಯಲ್ಲೇ ತೆರೆದಿಟ್ಟು ಬಂದಿದ್ದೇನೆ. ಇನ್ನು ಅದು ಅಲ್ಲೇ ಇರಲಿ. ಮಣೆ ಎಲ್ಲಿಟ್ಟಿದ್ದೇವೋ, ನಾಳೆ ಹುಡುಕಬೇಕು.