ಯಾರೂ ಇಲ್ಲದವರ ಸಮಿತಿ

ಇಸ್ತ್ರಿ ಅಂಗಡಿಯಿಂದ,
ಭಾನುವಾರ ಮಧ್ಯಾಹ್ನ

ನನ್ನ ಪುಟ್ಟನಿಗೆ ಅಮ್ಮನ ಪ್ರೀತಿಯ ನೆನಪುಗಳು.

ಹೇಗಿದ್ದೀಯೋ? ಸೊಂಟದ ನೋವು ಕಡಿಮೆಯಾಯಿತೇ? ಎರಡು ಕಂಬಿಗಳ ನಡುವೆ ನಿಲ್ಲಿಸಿ ನಡೆಯುವುದನ್ನು ಹೊಸದಾಗಿ ಕಲಿಸುತ್ತಿದ್ದಾರೆ ಎಂದು ಹೋದ ಪತ್ರದಲ್ಲಿ ನೀನು ಬರೆದಿದ್ದೆ. ಮೊದಲ ಸಲ ನೀನು ನಡೆಯಲು ಕಲಿತದ್ದು ಈ ಇಸ್ತ್ರಿ ಮೇಜಿನ ಕಾಲು ಹಿಡಿದುಕೊಂಡು. ಆಗಲೂ ಸೋಮಾರಿಯೇ, ನಾಲ್ಕು ಹೆಜ್ಜೆ ಇಟ್ಟು ಕೂತುಬಿಡುತ್ತಿದ್ದೆ. ಈಗ ಹಾಗೆ ಮಾಡಬೇಡ. ಆ ನರ್ಸಮ್ಮ ಬೈದರೆ ಬೈಸಿಕೋ, ಬೈದು ಹೇಳುವವರು ಬದುಕಲು ಹೇಳಿಕೊಡುತ್ತಾರೆ. ಊಟ ಸೇರುತ್ತಿದೆಯೇ? ಕಿಟಕಿಯ ಪಕ್ಕದ ಹಾಸಿಗೆ ಸಿಕ್ಕಿದೆ ಎಂದು ಬರೆದದ್ದನ್ನು ಓದಿ ಸಂತೋಷವಾಯಿತು. ಹಾಸಿಗೆಯ ವಿಷಯ ಇನ್ನೂ ಇದೆ, ಆಮೇಲೆ ಬರೆಯುತ್ತೇನೆ. ನಾನು ಬಂದು ನೋಡಲಿಲ್ಲವೆಂದು ಮುನಿಸಿಕೊಳ್ಳಬೇಡ. ಎರಡು ಸಲ ಹೊರಡಬೇಕೆಂದು ಚೀಲ ತುಂಬಿಸಿದೆ. ಒಂದು ಸಲ ಶಾಲೆಯ ಸಮವಸ್ತ್ರಗಳ ರಾಶಿ ಬಂದು ಬಿತ್ತು, ಇನ್ನೊಂದು ಸಲ ಯಾರದೋ ಮದುವೆಯ ಕೋಟುಗಳು. ಬಾರದೇ ಇದ್ದದ್ದೇ ಒಳ್ಳೆಯದಾಯಿತು ಅನ್ನು. ಯಾಕೆಂದು ಮುಂದೆ ಓದಿದರೆ ನಿನಗೇ ತಿಳಿಯುತ್ತದೆ.

ಊರಿನ ಹಣಕಾಸು ಸಮಿತಿ ನಿನಗೆ ಗೊತ್ತೇ ಇದೆ. ಊರು ಒಂದು ಮೊಳೆ ಕೊಳ್ಳಬೇಕಾದರೂ ಆ ಐದು ಜನ ಹೂಂ ಅನ್ನಬೇಕು. ಅವರು ಬೇಡ ಅಂದ ಖರ್ಚು ಅಲ್ಲಿಗೇ ಮುಗಿಯಿತು. ಇಷ್ಟು ವರ್ಷ ಆ ಐವರನ್ನು ಅಧ್ಯಕ್ಷರು ತಾವೇ ಆರಿಸುತ್ತಿದ್ದರು. ಆರಿಸುವುದು ಎಂದರೇನು, ಸಂಜೆ ಅವರ ಜಗಲಿಯಲ್ಲಿ ಯಾರು ಕೂತಿರುತ್ತಾರೋ ಅವರೇ ಸದಸ್ಯರು. ಶುಕ್ರವಾರ ಅವರ ಶರ್ಟುಗಳು ನನ್ನ ಅಂಗಡಿಗೆ ಬರುತ್ತಿದ್ದವು, ಶನಿವಾರ ನಾನು ಹಾಕಿದ ಗೆರೆ ತೊಟ್ಟುಕೊಂಡು ಹೋಗಿ ಆ ಚರ್ಮದ ಕುರ್ಚಿಗಳಲ್ಲಿ ಕೂರುತ್ತಿದ್ದರು. ಒಬ್ಬನಾದರೂ ‘ನೀವೂ ಬನ್ನಿ, ನಿಮಗೂ ಬುದ್ಧಿಯಿದೆ’ ಎಂದವನಲ್ಲ. ಕಾಲರಿನ ಕೊಳೆ ಮಾತ್ರ ನನಗೆ ತೋರಿಸಿದರು.

ನೀನು ಅತ್ತ ಹೋದ ಮೇಲೆ ಉದ್ಯಾನದ ಬೆಂಚಿನ ಗಲಾಟೆ ನಡೆಯಿತು. ಹೊಸ ಬೆಂಚುಗಳನ್ನು ಮಾಡಿಕೊಟ್ಟವನು ಸಮಿತಿಯ ಒಬ್ಬ ಸದಸ್ಯನ ಷಡ್ಡಕ. ಔಷಧದ ಅಂಗಡಿಯ ದಪ್ಪನೆಯ ಯಜಮಾನರು ಮೊದಲ ದಿನವೇ ಕೂತರು, ಬೆಂಚು ಅವರಿಗಿಂತ ಮೊದಲು ನೆಲಕ್ಕೆ ಹೋಯಿತು. ನಗಬೇಡ, ನಕ್ಕರೆ ಸೊಂಟ ನೋಯುತ್ತದೆ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ಊರೆಲ್ಲ ಸಭಾಭವನದಲ್ಲಿ ಸೇರಿತು. ಸಮಿತಿಗೆ ಜನ ಆರಿಸುವುದು ಹೇಗೆ ಎಂದು ಗಂಟಲು ಹರಿಯುವಂತೆ ಕೂಗಾಡಿದರು. ಒಬ್ಬ ಮತ ಹಾಕೋಣ ಎಂದ, ಹಾಗಾದರೆ ಚೆಂದ ಮಾತಾಡುವವನೇ ಬರುತ್ತಾನೆ ಎಂದರು. ಇನ್ನೊಬ್ಬ ಚೀಟಿ ಎತ್ತೋಣ ಎಂದ, ಚೀಟಿ ಎತ್ತಿ ಕುಡುಕನ ಕೈಗೆ ಬೀಗದಕೈ ಕೊಡುವುದೇ ಎಂದರು. ಕೊನೆಗೆ ನಿನ್ನ ಲೆಕ್ಕದ ಮೇಷ್ಟ್ರು ಎದ್ದು ನಿಂತರು, ನೀನು ನೋಡಿದರೆ ಉಚ್ಚೆ ಹುಯ್ದುಕೊಳ್ಳುತ್ತಿದ್ದೆಯಲ್ಲ, ಅವರೇ. “ಊರಿನ ದುಡ್ಡು ತಿನ್ನೋ ಒಬ್ಬ ನೆಂಟನೂ ಇರಬಾರದು. ಅಂಥವರನ್ನ ಮಾತ್ರ ತಗೊಳ್ಳಿ. ಕರುಳು ಇದ್ದ ಕಡೆ ಕೈ ಸಡಿಲ ಆಗುತ್ತೆ” ಎಂದರು. ಭವನ ಬಿದ್ದುಹೋಗುವಂತೆ ಚಪ್ಪಾಳೆ.

ಚಪ್ಪಾಳೆ ನಿಂತ ಮೇಲೆ ನೋಡಿಕೊಂಡರೆ ಒಬ್ಬನೂ ಉಳಿಯಲಿಲ್ಲ. ಇವನ ಸೊಸೆ ಊರಿನ ಶಾಲೆಯಲ್ಲಿ ಟೀಚರು, ಅವನ ಸೋದರಳಿಯ ಬೀದಿದೀಪದವನು, ಇನ್ನೊಬ್ಬನ ಬೀಗರು ಊರಿಗೆ ಸುಣ್ಣ ಮಾರುವವರು. ಮೇಷ್ಟ್ರ ಅಣ್ಣನ ಮಗನೇ ಕಸದ ಗಾಡಿ ಓಡಿಸುತ್ತಾನೆ; ತಾವು ತೋಡಿದ ಗುಂಡಿಗೆ ಮೊದಲು ಬಿದ್ದವರು ಅವರೇ. ಸಂಬಳ ತೆಗೆದುಕೊಳ್ಳುವ ನೆಂಟನಿಲ್ಲದ ಮನೆ ನಮ್ಮಂಥ ಸಣ್ಣ ಊರಿನಲ್ಲಿ ಎಲ್ಲಿ ಸಿಗಬೇಕು? ಆಗ ಗೋಡೆಯಪ್ಪ ಎದ್ದ. ಅಣ್ಣನ ಮುಖ ಕಾಣಬಾರದೆಂದು ಅಂಗಳದ ನಡುವೆ ಗೋಡೆ ಕಟ್ಟಿಸಿದನಲ್ಲ, ಅವನು. ಆ ಅಣ್ಣ ಊರಿನ ರಸ್ತೆಯ ಗುತ್ತಿಗೆದಾರ. ಆಗುವುದಿಲ್ಲ ಎಂದು ಕೂಗಿದರೆ ಗೋಡೆಯಪ್ಪ ಎದೆಯುಬ್ಬಿಸಿ, “ಅವನ ಮಗಳ ಮದುವೆಗೇ ನಾನು ಹೋಗಿಲ್ಲ, ನನಗೂ ಅವನಿಗೂ ಎಲ್ಲಿಯ ಸಂಬಂಧ?” ಎಂದ. ಮೇಷ್ಟ್ರು ಯೋಚಿಸಿ ತೀರ್ಪು ಕೊಟ್ಟರು: “ರಕ್ತ ಲೆಕ್ಕಕ್ಕಿಲ್ಲ. ಹೋಗಿಬರೋದು, ಕೊಡೋದು ತಗೊಳ್ಳೋದು ಇದ್ರೆ ಮಾತ್ರ ಸಂಬಂಧ.” ಗೋಡೆಯಪ್ಪ ಮೊದಲ ಸದಸ್ಯನಾದ. ಅವನ ಹಿಂದೆಯೇ ಮದುವೆಯಾಗದ, ಬಾಗಿಲಿಗೆ ಬಂದ ಬೆಕ್ಕಿಗೂ ಒಂದು ತೊಟ್ಟು ಹಾಲು ಹಾಕದ ವಾಚ್ ರಿಪೇರಿಯವನು. ಮಕ್ಕಳು ಮನೆಯ ವಿಳಾಸವನ್ನೇ ಮರೆತಿರುವ ಬೀಗ ರಿಪೇರಿಯ ಮುದುಕ. ಹಾಸ್ಟೆಲಿನಲ್ಲಿ ಹುಡುಗಿಯರ ಜಡೆ ಹಿಡಿದು ಎಳೆಯುತ್ತಿದ್ದ ಹಳೆಯ ವಾರ್ಡನ್. ಊರಿನಲ್ಲಿ ಯಾರಿಗೂ ಬೇಡವಾಗಿದ್ದ ನಾಲ್ವರು ಮೊದಲ ಸಲ ಎಲ್ಲರಿಗೂ ಬೇಕಾದರು. ಐದನೇ ಕುರ್ಚಿಗೆ ಮಾತ್ರ ಅಷ್ಟು ಕೆಟ್ಟವರು ಸಿಗಲಿಲ್ಲ.

ಆ ಕುರ್ಚಿ ಖಾಲಿ ಇದ್ದ ವಾರ ಕಚೇರಿಯ ಗುಮಾಸ್ತ ಶರ್ಟು ಒಯ್ಯಲು ಬಂದವನು ಒಂದು ಮಾತು ಹೇಳಿದ. ಹೊಸ ಸಮಿತಿಯ ಮುಂದೆ ಮೊದಲು ಬರುವುದೇ ನಿನ್ನ ಶುಶ್ರೂಷಾಲಯದ ಖರ್ಚು. ನೀರಿನ ಟ್ಯಾಂಕಿನ ಏಣಿಯಿಂದ ಬಿದ್ದವನಿಗೆ ಊರು ಇನ್ನೂ ಎಷ್ಟು ದಿನ ಹಾಸಿಗೆಯ ಬಾಡಿಗೆ ಕಟ್ಟಬೇಕು ಎಂದು ಕೇಳುತ್ತಿದ್ದಾರಂತೆ. ನನ್ನ ಜೀವ ಹಾರಿಹೋಯಿತು. ಆ ಕಲ್ಲೆದೆಯ ನಾಲ್ವರ ಕೈಗೆ ನಿನ್ನನ್ನು ಬಿಡುವುದು ಹೇಗೆ? ನಿನ್ನ ಪರವಾಗಿ ಒಂದು ಜೀವ ಆ ಕೋಣೆಯ ಒಳಗಿರಬೇಕು ಎಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಕುರ್ಚಿಯ ಮೇಲೂ ಆಸೆಯಿತ್ತು. ಆದರೆ ಅರ್ಧಕ್ಕಿಂತ ಹೆಚ್ಚು ನಿನಗಾಗಿಯೇ ಎದ್ದು ನಿಂತೆ, ಇದನ್ನು ನೆನಪಿನಲ್ಲಿಟ್ಟುಕೋ.

ಈಗ ಹೊಸ ಪದ್ಧತಿಯಲ್ಲಿ ಸದಸ್ಯರಾಗುವವರು ತುಂಬಿದ ಸಭೆಯ ಮುಂದೆ ನಿಲ್ಲಬೇಕು, ಅಧ್ಯಕ್ಷರು ‘ನಿಮಗೆ ಯಾರಿದ್ದಾರೆ’ ಎಂದು ಗಟ್ಟಿಯಾಗಿ ಕೇಳುತ್ತಾರೆ, ಆಕ್ಷೇಪ ಇದ್ದವರು ಅಲ್ಲೇ ಹೇಳಬೇಕು. ನನ್ನನ್ನು ಕೇಳಿದರು. “ಯಾರೂ ಇಲ್ಲ” ಎಂದೆ. ಹಿಂದಿನ ಸಾಲಿನಿಂದ ಹಾಲಿನವನು, ಅವನ ಬಾಯಿಗೆ ಬೀಗ ಹಾಕ, “ಮಗ ಇದ್ದಾನಲ್ಲ! ಹೆತ್ತವರಿಗೆ ಹೆಗ್ಗಣ ಮುದ್ದು. ನಾಳೆ ಊರಿನ ಗಂಟನ್ನೆಲ್ಲ ತಗೊಂಡು ಹೋಗಿ ಅವನ ಸೊಂಟಕ್ಕೆ ಸುರೀತಾಳೆ” ಎಂದ. ಎಲ್ಲರೂ ನಕ್ಕರು. ಹೆಗ್ಗಣ ಅಂದದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು ಪುಟ್ಟಾ. ತಿರುಗಿ ನಿಂತು ಹೇಳಿದೆ: “ಅವನು ಆಸ್ಪತ್ರೆ ಸೇರಿದ ಮೇಲೆ ನಾನು ಒಂದು ದಿನ ಹೋಗಿ ನೋಡಿದೀನಾ? ಇಲ್ಲೇ ಇದಾನೆ ಬಸ್ ಕಂಡಕ್ಟರು, ಕೇಳಿ.” ಕಂಡಕ್ಟರು ಎದ್ದು, “ಇಲ್ಲ, ಇವರು ಒಂದು ದಿನಾನೂ ನಮ್ಮ ಬಸ್ ಹತ್ತಿಲ್ಲ” ಎಂದ. ಒಳ್ಳೆಯ ಹುಡುಗ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸಭೆಯವರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಜೀವಮಾನದಲ್ಲಿ ನನಗೆ ಯಾರಾದರೂ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ಅಷ್ಟಕ್ಕೇ ಬಿಡಲಿಲ್ಲ. ಮನೆಯಲ್ಲಿ ಕೊಡುವುದು ತೆಗೆದುಕೊಳ್ಳುವುದು ಏನಾದರೂ ಉಳಿದಿದೆಯೇ ಎಂದು ನೋಡಲು ಮೇಷ್ಟ್ರು ಮತ್ತು ಆ ವಾರ್ಡನ್ ಬರುತ್ತೇವೆ ಎಂದರು. ಅದಕ್ಕೆ ನಿನ್ನ ಕೋಣೆ ಖಾಲಿ ಮಾಡಿದೆ. ಮಂಚವನ್ನೂ ಬೂಟನ್ನೂ ನಿನ್ನ ಕೆಲಸಕ್ಕೆ ಬಂದಿರುವ ಹೊಸ ಪಂಪಿನವನಿಗೆ ಕೊಟ್ಟೆ. ಬೂಟು ಅವನಿಗೆ ಅಳತೆ ಕೊಟ್ಟು ಹೊಲಿಸಿದಂತೆ ಸರಿಹೋಯಿತು. ಬೇಜಾರು ಮಾಡಿಕೊಳ್ಳಬೇಡ, ಏಣಿ ಹತ್ತುವ ಬೂಟು ಇನ್ನು ನಿನಗೆ ಯಾಕೆ? ರೇಡಿಯೋ ಹಳೆಯ ಸಾಮಾನಿನವನು ಒಯ್ದ. ಗೋಡೆಯಲ್ಲಿ ನಿನ್ನ ಫೋಟೋ ಇದ್ದ ಜಾಗ ಮಾತ್ರ ಬೆಳ್ಳಗೆ ಉಳಿದುಬಿಟ್ಟಿತ್ತು, ಎಷ್ಟು ತಿಕ್ಕಿದರೂ ಪಕ್ಕದ ಗೋಡೆಯ ಬಣ್ಣಕ್ಕೆ ಬರಲಿಲ್ಲ. ವಾರ್ಡನ್ ಬೆರಳಿಟ್ಟು “ಇಲ್ಲಿ ಏನಿತ್ತು?” ಎಂದಳು. “ಕ್ಯಾಲೆಂಡರು” ಎಂದೆ. ಮೇಷ್ಟ್ರು ಮಾತ್ರ ನನ್ನ ಮುಖವನ್ನೇ ನೋಡದೆ ಹೊರಗೆ ಹೋಗಿ ನಿಂತರು. ತಾವೇ ಮಾಡಿದ ನಿಯಮ, ಇನ್ನು ನಾಚಿಕೊಂಡರೆ ಏನು ಬಂತು? ಈಗ ಆ ಕೋಣೆಯಲ್ಲಿ ಕೋಟುಗಳನ್ನು ತೂಗುಹಾಕುತ್ತೇನೆ. ಗಾಳಿ ಚೆನ್ನಾಗಿ ಆಡುತ್ತದೆ, ನೀನು ಇಷ್ಟು ವರ್ಷ ಅಲ್ಲಿ ಮಲಗಿ ಅದನ್ನು ಸುಮ್ಮನೆ ದಂಡ ಮಾಡಿದೆ.

ಕುರ್ಚಿ ನಾನು ಅಂದುಕೊಂಡದ್ದಕ್ಕಿಂತ ಎತ್ತರ, ಕಾಲು ನೆಲಕ್ಕೆ ಮುಟ್ಟುವುದಿಲ್ಲ. ಮುಂದೆ ಮುಚ್ಚಳ ಹಾಕಿದ ನೀರಿನ ಲೋಟ ಇಡುತ್ತಾರೆ. ಬಟ್ಟೆ ಕೊಡಲು ಬಂದವರು ಈಗ ಬೀದಿಯಲ್ಲೇ ನಿಂತು ‘ಏ ಇಸ್ತ್ರಿಯಮ್ಮ’ ಎಂದು ಕೂಗುವುದಿಲ್ಲ, ಒಳಗೆ ಬಂದು ‘ಆಯಿತೇನಮ್ಮಾ’ ಎನ್ನುತ್ತಾರೆ. ಹಾಲಿನವನು ಹಾಲಿಗೆ ನೀರು ಹಾಕುವುದನ್ನು ನನ್ನೊಬ್ಬಳ ಪಾತ್ರೆಯ ಮಟ್ಟಿಗೆ ನಿಲ್ಲಿಸಿದ್ದಾನೆ. ನಿನ್ನ ಅಪ್ಪ ಇದ್ದಿದ್ದರೆ ನೋಡಿ ಹೊಟ್ಟೆಕಿಚ್ಚಿನಿಂದಲೇ ಇನ್ನೊಂದು ಸಲ ಸಾಯುತ್ತಿದ್ದರು.

ಔಷಧ ತಪ್ಪಿಸಬೇಡ. ತಣ್ಣೀರು ಕುಡಿಯಬೇಡ. ಆ ನರ್ಸಮ್ಮನಿಗೆ ನನ್ನ ನಮಸ್ಕಾರ ತಿಳಿಸು, ನಿನ್ನ ಪಕ್ಕದ ಹಾಸಿಗೆಯ ತಾತನನ್ನೂ ಕೇಳಿದೆನೆಂದು ಹೇಳು. ಬಿದ್ದ ಜಾಗದಿಂದ ಎದ್ದು ನಿಲ್ಲುವ ಶಕ್ತಿ ನಿನ್ನ ಕಾಲಿಗೆ ಬರಲಿ, ನನ್ನ ಉಳಿದ ಆಯುಸ್ಸೂ ನಿನಗೇ ಸೇರಲಿ.

ಇಂತು,
ನಿನ್ನನ್ನು ಹೆತ್ತ ಅಮ್ಮ

ಮರೆತೆ: ಲಾರಿಯವನು ಹೊರಗೆ ಹಾರನ್ ಹೊಡೆಯುತ್ತಿದ್ದಾನೆ. ಅಂಚೆಗೆ ಹಾಕಿದರೆ ಯಾರಾದರೂ ನೋಡುತ್ತಾರೆಂದು ಇದನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ನಿನ್ನೆ ಸಭೆಯಲ್ಲಿ ನಿನ್ನ ಹಾಸಿಗೆಯ ವಿಷಯ ಬಂತು. ಗೋಡೆಯಪ್ಪ, “ಬಿದ್ದಿದ್ದು ನಮ್ಮ ಟ್ಯಾಂಕಿನಿಂದ ತಾನೇ, ನಡೆಯೋ ತನಕ ಕೊಡೋಣ” ಎಂದ. ನನಗೆ ಆಶ್ಚರ್ಯವಾಯಿತು. ಬೆಕ್ಕಿಗೆ ಹಾಲು ಹಾಕದ ಆ ವಾಚಿನವನೂ ಹೂಂ ಎಂದು ಕೈ ಎತ್ತಿದ. ವಾರ್ಡನ್, ಬೀಗದವನು ಬೇಡ ಎಂದರು. ಉಳಿದದ್ದು ನನ್ನ ಕೈ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು, ಹಾಲಿನವನು ಕಿಟಕಿಗೆ ಮೂಗು ಒತ್ತಿಕೊಂಡು ನಿಂತಿದ್ದ. ಬೇಡ ಎಂದೆ. ಬೇರೆ ಏನು ಹೇಳಲಿ? ಕೊಡಿ ಎಂದಿದ್ದರೆ ಅವತ್ತೇ ಕುರ್ಚಿ ಹೋಗುತ್ತಿತ್ತು, ಆಮೇಲೆ ನಿನ್ನ ಪರವಾಗಿ ಒಳಗೆ ಯಾರಿರುತ್ತಿದ್ದರು? ಈ ತಿಂಗಳ ಕೊನೆಗೆ ಹಾಸಿಗೆ ಬಿಡಬೇಕಾಗುತ್ತದೆ. ಇಲ್ಲಿಗೆ ಬರಬೇಡ, ಬಂದರೆ ಹೋಗಿಬರುವುದು ಇದ್ದಂತೆ ಆಗುತ್ತದೆ. ಮೇಲಿನ ಸಹಿ ಇರುವ ತುಂಡನ್ನು ಹರಿದುಹಾಕು. ಏನಾದರೂ ಕೇಳುವುದಿದ್ದರೆ ‘ಅಮ್ಮಾ’ ಎಂದು ಬರೆಯಬೇಡ, ‘ಮಾನ್ಯ ಸದಸ್ಯರೇ’ ಎಂದು ಬರೆ, ಅರ್ಜಿಯೆಂದು ಸಮಿತಿಯ ಮುಂದೆ ಇಡುತ್ತೇನೆ. ಅಕ್ಷರ ದುಂಡಗಿರಲಿ, ಎಲ್ಲರೆದುರಿಗೆ ಓದುವವಳು ನಾನೇ.