ಉಳಿದ ಕಣಕ, ಮರಳಿನ ಕುಕ್ಕರು

ಅಕ್ಟೋಬರ್ ೨೪, ಶುಕ್ರವಾರ

ಹಬ್ಬಕ್ಕೆ ಬಂದಾಗಿನಿಂದ ಜಲಜಕ್ಕನದು ಒಂದೇ ರಾಗ: "ಭದ್ರಾವತಿಗೇ ಬಂದ್ಬಿಡು. ಒಬ್ನೇ ಏನು ಬೇಯಿಸ್ಕೊಂಡು ತಿಂತೀಯ?" ಇವತ್ತು ಕರ್ಜಿಕಾಯಿ ಮಾಡಿ ಉಳಿದ ಕಣಕವನ್ನು ಎಸೆಯಲು ಹೊರಟಳು. ನಾನು ಬಿಡಲಿಲ್ಲ. ನೆಸೆಸಿಟಿ ಈಸ್ ದಿ ಮದರ್ ಆಫ್... ಯಾರ ತಾಯಿಯೋ, ಮರೆತಿದೆ. ನನ್ನವಳು ಇದ್ದಾಗ ಕೇಕ್ ಬೇಯಿಸುತ್ತಿದ್ದ ಹಳೇ ಕುಕ್ಕರಿಗೆ ಮರಳು ಹಾಕಿ ಕಾಯಿಸಿದೆ. ಕಣಕ ಲಟ್ಟಿಸಿ, ತುಪ್ಪ ಸವರಿ, ಸಕ್ಕರೆ, ಏಲಕ್ಕಿ ಉದುರಿಸಿ, ಸುರುಳಿ ಸುತ್ತಿ, ಕತ್ತರಿಸಿ, ತಟ್ಟೆಯಲ್ಲಿ ಜೋಡಿಸಿ ಒಳಗಿಟ್ಟೆ.

"ವಿಷಲ್ ತೆಗ್ದಿದೀಯೇನೋ ಮಾರಾಯ?" ಅಕ್ಕ ಹೊಸ್ತಿಲು ದಾಟಲಿಲ್ಲ.

"ತೆಗ್ದಿದೀನಿ ಕಣಕ್ಕ. ಮೂವತ್ತು ವರ್ಷ ಅವಳು ಮಾಡೋದನ್ನ ನೋಡಿದೀನಿ."

ಸುರುಳಿಗಳ ತಳ ಸ್ವಲ್ಪ ಕಪ್ಪಾಗಿತ್ತು. ಆದರೂ ಅಕ್ಕ ನಾಲ್ಕು ತಿಂದಳು. ಸಂಜೆ ಬಸ್ಸಿಗೆ ಹೊರಟಾಗ ಉಳಿದವನ್ನೂ ಡಬ್ಬಿಗೆ ತುಂಬಿಕೊಂಡು, "ಇಲ್ಲೇ ಇರು. ಮುಂದಿನ್ಸಲ ಕಣಕ ಜಾಸ್ತಿನೇ ಕಲಸ್ತೀನಿ" ಎಂದಳು.

ಮರಳು ಇನ್ನೂ ಕುಕ್ಕರಿನಲ್ಲೇ ಇದೆ. ನನ್ನವಳು ಇದ್ದಿದ್ದರೆ ಇಷ್ಟು ಹೊತ್ತಿಗೆ ಅದನ್ನು ಡಬ್ಬಿಗೆ ಸುರಿದಿಟ್ಟಿರುತ್ತಿದ್ದಳು...